ಆಫೀಸಿನ ಪ್ರೊಸೆಸರ್‌ಗಳ ಲೆಕ್ಕ: ಮೂರು ದಾರಿ ಹಿಡಿದು ನೋಡಿದೆ

ನನಗೆ ಬೇಕಿದ್ದದ್ದು ಮೂರು ಉತ್ತರ. ಯಾವ ಕಂಪ್ಯೂಟರ್‌ನ ಪ್ರೊಸೆಸರ್ ವಿಂಡೋಸ್ 11ಕ್ಕೆ ಆಗುತ್ತದೆ? ಯಾವುದರಲ್ಲಿ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡಿಸಬಹುದು? ಎವಿಎಕ್ಸ್2 (ಕೆಲವು ಪ್ರೊಸೆಸರ್‌ಗಳಲ್ಲಷ್ಟೇ ಇರುವ, ಲೆಕ್ಕವನ್ನು ವೇಗವಾಗಿ ಮಾಡುವ ಸೂಚನೆಗಳ ಗುಂಪು) ಕೇಳುವ ಒಂದು ಸಾಫ್ಟ್‌ವೇರ್ ಯಾವುದರಲ್ಲಿ ನಡೆಯುತ್ತದೆ? ಇದ್ದದ್ದು ಸುಮಾರು 80 ಕಂಪ್ಯೂಟರ್. ಒಂದೊಂದರ ಮುಂದೆ ಹೋಗಿ ಕೂರುವುದು ಆಗದ ಮಾತು.

ಮೊದಲು ಹಿಡಿದದ್ದು ವಿಂಡೋಸ್‌ನ ಹಳೆಯ ಸ್ಕ್ರಿಪ್ಟ್ ಭಾಷೆ ವಿಬಿಸ್ಕ್ರಿಪ್ಟ್. ನನ್ನ ಸೀಟಿನಿಂದಲೇ ಡಬ್ಲ್ಯುಎಂಐ (ಕಂಪ್ಯೂಟರ್‌ನ ವಿವರ ಕೊಡುವ ವಿಂಡೋಸ್‌ನದೇ ವ್ಯವಸ್ಥೆ) ಮೂಲಕ ಪ್ರತಿ ಕಂಪ್ಯೂಟರನ್ನು ಕೇಳುತ್ತದೆ. ಆದರೆ ಇದಕ್ಕೆ ನೆಟ್‌ವರ್ಕ್ ಪೋರ್ಟ್ 135 ಜೊತೆಗೆ 49152ರಿಂದ ಮೇಲಿನ ಪೋರ್ಟ್‌ಗಳೂ ತೆರೆದಿರಬೇಕು. ಫೈರ್‌ವಾಲ್ ಬಿಡದ ಕಡೆಯೆಲ್ಲ ‘ಆರ್‌ಪಿಸಿ ಸರ್ವರ್ ಸಿಗುತ್ತಿಲ್ಲ’ ಎಂಬ ಎರರ್. ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟನ್ನೇ ಕೈಬಿಡುವುದಾಗಿ 2023ರಲ್ಲಿ ಹೇಳಿಯಾಗಿದೆ. ಹೊಸದಾಗಿ ಶುರು ಮಾಡುವವರು ಈ ಕಡೆ ಹೋಗುವುದೇ ಬೇಡ.

ಎರಡನೆಯದು ಪವರ್‌ಶೆಲ್‌ನ ಗೆಟ್-ಸಿಮ್‌ಇನ್‌ಸ್ಟನ್ಸ್ ಎಂಬ ಕಮಾಂಡ್. ಕೇಳುವುದು ಅದೇ ಡಬ್ಲ್ಯುಎಂಐ ಮಾಹಿತಿಯನ್ನೇ, ಹೋಗುವ ದಾರಿ ಮಾತ್ರ ಬೇರೆ. ವಿನ್‌ಆರ್‌ಎಂ ಎಂಬ ದೂರನಿರ್ವಹಣೆಯ ಸೇವೆಯ ಮೂಲಕ ಹೋಗುವುದರಿಂದ ಪೋರ್ಟ್ 5985 ಒಂದೇ ಸಾಕು. ಸರ್ವರ್ ಅಲ್ಲದ ವಿಂಡೋಸ್‌ನಲ್ಲಿ ವಿನ್‌ಆರ್‌ಎಂ ಮೊದಲಿಗೆ ಆಫ್ ಇರುತ್ತದೆ, ಗ್ರೂಪ್ ಪಾಲಿಸಿಯಿಂದ (ಆಫೀಸಿನ ಎಲ್ಲ ಕಂಪ್ಯೂಟರ್‌ಗಳ ಸೆಟ್ಟಿಂಗ್ ಒಂದೇ ಕಡೆಯಿಂದ ಬದಲಿಸುವ ವ್ಯವಸ್ಥೆ) ಆನ್ ಮಾಡಬೇಕು. ಪ್ರೊಸೆಸರ್‌ನ ಎಲ್ಲ ವಿವರ ಕೇಳಿದರೆ ನಿಧಾನ, ಯಾಕೆಂದರೆ ಆ ಕ್ಷಣದ ಲೋಡ್ ಎಷ್ಟಿದೆ ಎಂದೂ ಅದು ಅಳೆಯುತ್ತದೆ. ಬೇಕಾದ ನಾಲ್ಕೈದು ವಿವರಗಳನ್ನಷ್ಟೇ ಹೆಸರಿಸಿ ಕೇಳಿ. ಹೆಸರು, ಕೋರ್‌ಗಳ ಸಂಖ್ಯೆ ಎಲ್ಲ ಚೆನ್ನಾಗಿ ಬಂತು. 64 ಬಿಟ್ ಪ್ರೊಸೆಸರ್ ಮೇಲೆ 32 ಬಿಟ್ ವಿಂಡೋಸ್ ಹಾಕಿದ್ದ ಎರಡು ಕಂಪ್ಯೂಟರ್ ಕೂಡ ಸಿಕ್ಕಿಬಿದ್ದವು: ಡೇಟಾವಿಡ್ತ್ (ಪ್ರೊಸೆಸರ್‌ನದು) 64, ಅಡ್ರೆಸ್‌ವಿಡ್ತ್ (ವಿಂಡೋಸ್‌ನದು) 32.

ಎಡವಿದ್ದು ವರ್ಚುವಲೈಸೇಶನ್, ಅಂದರೆ ವರ್ಚುವಲ್ ಮಷೀನ್ ಓಡಿಸಲು ಪ್ರೊಸೆಸರ್‌ನಲ್ಲಿ ಬೇಕಾದ ಸೌಲಭ್ಯದ ವಿಷಯದಲ್ಲಿ. ಎಲ್ಲಕ್ಕಿಂತ ಹೊಸ ಕಂಪ್ಯೂಟರ್‌ಗಳೇ ‘ಇಲ್ಲ’ ಅಂದವು! ಒಂದು ಇಡೀ ಮಧ್ಯಾಹ್ನ ಬಯಾಸ್ ಸೆಟ್ಟಿಂಗ್ ಹುಡುಕಿದೆ. ಅಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಕಾರಣ ಇಷ್ಟು: ಅವುಗಳಲ್ಲಿ ಹೈಪರ್‌ವೈಸರ್ (ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಂತ್ರಾಂಶ) ಆಗಲೇ ಓಡುತ್ತಿತ್ತು. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೆಟ್ಟಿಂಗ್ ಆನ್ ಇದ್ದರೂ ಹೀಗಾಗುತ್ತದೆ. ಹೈಪರ್‌ವೈಸರ್ ಆ ಸೌಲಭ್ಯವನ್ನು ತಾನೇ ಹಿಡಿದುಕೊಂಡಿರುತ್ತದೆ, ಹಾಗಾಗಿ ಕೇಳಿದವರಿಗೆ ‘ಇಲ್ಲ’ ಎಂದು ಕಾಣುತ್ತದೆ. ಅದಕ್ಕೇ ಹೈಪರ್‌ವೈಸರ್‌ಪ್ರೆಸೆಂಟ್ ಎಂಬ ವಿವರವನ್ನೂ ಕೇಳಿ. ಅದು ‘ಟ್ರೂ’ ಎಂದರೆ ಪ್ರೊಸೆಸರ್‌ಗೆ ಆ ಶಕ್ತಿ ಇದೆ ಎಂದೇ ಲೆಕ್ಕ. ವರ್ಚುವಲ್ ಮಷೀನ್ ಒಳಗಿಂದಲೂ ‘ಟ್ರೂ’ ಬರುತ್ತದೆ, ಆದ್ದರಿಂದ ಅದು ನಿಜವಾದ ಕಂಪ್ಯೂಟರೋ ಅಲ್ಲವೋ ತಿಳಿಯಲು ಮಾಡೆಲ್ ಹೆಸರನ್ನು ಪಕ್ಕದಲ್ಲೇ ಬರೆಸಿಕೊಳ್ಳಿ.

ಇಷ್ಟಾದರೂ ಎವಿಎಕ್ಸ್2 ಪ್ರಶ್ನೆ ಹಾಗೇ ಉಳಿಯಿತು. ಡಬ್ಲ್ಯುಎಂಐ ಅದನ್ನು ಹೇಳುವುದಿಲ್ಲ. ಪ್ರೊಸೆಸರ್ ಹೆಸರು ನೋಡಿ ಊಹಿಸಬಹುದು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ವಿಂಡೋಸ್ 11ಕ್ಕೆ ಪ್ರೊಸೆಸರ್ ಆಗುತ್ತದೆಯೇ ಎಂದು ತಿಳಿಯಲು ಹೆಸರು ಸಾಕು, ಮೈಕ್ರೋಸಾಫ್ಟ್ ಪಟ್ಟಿ ಇರುವುದೇ ಹೆಸರಿನ ಮೇಲೆ. ಆದರೆ ಆ ಪಟ್ಟಿಯಲ್ಲೇ ಇರುವ ಪೆಂಟಿಯಂ ಗೋಲ್ಡ್ ಜಿ5400ರಲ್ಲಿ ಎವಿಎಕ್ಸ್2 ಇಲ್ಲ. ಅದಕ್ಕಿಂತ ಹಳೆಯದಾದ, 2013ರ ಹ್ಯಾಸ್ವೆಲ್ ಕೋರ್ ಐ5ರಲ್ಲಿ ಇದೆ.

ಇಲ್ಲಿ ಗೆದ್ದದ್ದು ಮೂರನೆಯದು, ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಉಪಕರಣಗಳಲ್ಲೊಂದಾದ ಕೋರ್‌ಇನ್ಫೋ. ಇದು ನೇರ ಪ್ರೊಸೆಸರನ್ನೇ ಕೇಳುತ್ತದೆ. ಸೌಲಭ್ಯ ಇದ್ದರೆ ನಕ್ಷತ್ರ ಗುರುತು, ಇಲ್ಲದಿದ್ದರೆ ಅಡ್ಡಗೆರೆ. ಒಂದೇ ಸಲ ಓದಿದರೆ ಅರ್ಥವಾಗುತ್ತದೆ. ಹೈಪರ್‌ವೈಸರ್ ಓಡುತ್ತಿದ್ದರೆ ವರ್ಚುವಲೈಸೇಶನ್ ಬಗ್ಗೆ ಇದರ ಮಾತನ್ನೂ ನಂಬುವ ಹಾಗಿಲ್ಲ. ಲೈಸೆನ್ಸ್ ಒಪ್ಪಿಗೆಯ ಸ್ವಿಚ್ ಹಾಕದಿದ್ದರೆ ಮೊದಲ ಸಲ ಸುಮ್ನೆ ನಿಂತುಬಿಡುತ್ತದೆ, ಅದನ್ನು ಮರೆಯಬೇಡಿ.

ಇದನ್ನು ದೂರದಿಂದ ಓಡಿಸಲು ಪಿಎಸ್‌ಎಕ್ಸೆಕ್ ಎಂಬ ಇನ್ನೊಂದು ಸಿಸ್‌ಇಂಟರ್ನಲ್ಸ್ ಉಪಕರಣ ಬಳಸಿ ನೋಡಿದೆ. ನಾನು ಕೇಳಿದ ಹೊತ್ತಿಗೆ ಆಫ್ ಇದ್ದ ಕಂಪ್ಯೂಟರ್, ಮನೆಗೆ ಹೋಗಿದ್ದ ಲ್ಯಾಪ್‌ಟಾಪ್ ಎಲ್ಲ ತಪ್ಪಿಹೋದವು. ಎರಡನೇ ದಾರಿಯಲ್ಲೂ ಇದೇ ತೊಂದರೆ ಇತ್ತು. ಕೊನೆಗೆ ಗೆಟ್-ಸಿಮ್‌ಇನ್‌ಸ್ಟನ್ಸ್, ಕೋರ್‌ಇನ್ಫೋ ಎರಡನ್ನೂ ಸೇರಿಸಿ ಒಂದು ಸ್ಟಾರ್ಟಪ್ ಸ್ಕ್ರಿಪ್ಟ್ ಮಾಡಿ ಗ್ರೂಪ್ ಪಾಲಿಸಿಗೆ ಹಾಕಿದೆ. ಪ್ರತಿ ಕಂಪ್ಯೂಟರ್ ಶುರುವಾದಾಗ ತನ್ನ ಹೆಸರಿನ ಒಂದು ಫೈಲನ್ನು ಶೇರ್ ಫೋಲ್ಡರ್‌ಗೆ ತಾನೇ ಬರೆಯುತ್ತದೆ. ಆ ಫೋಲ್ಡರ್‌ನಲ್ಲಿ ಬರೆಯುವ ಅನುಮತಿಯನ್ನು ಬಳಕೆದಾರರಿಗಲ್ಲ, ಕಂಪ್ಯೂಟರ್ ಅಕೌಂಟ್‌ಗಳಿಗೆ ಕೊಡಬೇಕು. ಎರಡು ವಾರದಲ್ಲಿ ಪಟ್ಟಿ ತುಂಬಿತು. ಬಾಕಿ ಉಳಿದದ್ದು ಮೂರೇ ಕಂಪ್ಯೂಟರ್. ಅವುಗಳ ಮುಂದೆ ಮಾತ್ರ ನಾನೇ ಹೋಗಿ ಕೂತೆ.