ಕ್ಲೇಮ್ ಮೊತ್ತದ ಜಗಳ: ಮಧ್ಯಸ್ಥರೋ, ಒಂಬುಡ್ಸ್‌ಮನ್ನೋ, ಗ್ರಾಹಕ ಆಯೋಗವೋ?

ಬ್ಯಾಡಗಿಯ ಗೋದಾಮಿಗೆ ಮಳೆನೀರು ನುಗ್ಗಿದೆ ಅಂತಿಟ್ಟುಕೊಳ್ಳಿ. ತಳದ ಚೀಲಗಳ ಮೆಣಸಿನಕಾಯಿ ಕಪ್ಪಾಗಿದೆ, ಮೇಲಿನದು ಥಂಡಿ ಹಿಡಿದು ಬಣ್ಣ ಬಿಟ್ಟಿದೆ. "ಮ್ಯಾಲಿನವು ಮಾರಾಕ ಬರ್ತಾವ" ಅನ್ನುತ್ತಾರೆ ವಿಮಾ ಕಂಪನಿಯ ಪರವಾಗಿ ಹಾನಿ ಅಳೆಯಲು ಬಂದ ಸರ್ವೇಯರ್. ಬಣ್ಣಕ್ಕೇ ಬೆಲೆಯಿರುವ ಪೇಟೆಯಲ್ಲಿ ಅದನ್ನು ಕೊಳ್ಳುವವರಾರು? ಕಂಪನಿ ಹಣ ಕೊಡಲು ಒಪ್ಪಿದೆ. ತಕರಾರು ಎಷ್ಟು ಅನ್ನುವುದಷ್ಟೇ.

ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಇಂಥದಕ್ಕೇ ಹೇಳಿಮಾಡಿಸಿದ್ದು. ನೀವೊಬ್ಬರನ್ನು, ಕಂಪನಿ ಒಬ್ಬರನ್ನು ನೇಮಿಸಿ, ಆ ಇಬ್ಬರು ಸೇರಿ ಮೂರನೆಯ ತಟಸ್ಥರನ್ನು ಆರಿಸುವುದು ರೂಢಿ. ಸರಕು ಬಲ್ಲವರನ್ನೇ ಕೂಡಿಸಬಹುದು. ಆದರೆ ಕಂಪನಿಯೂ ಒಪ್ಪಬೇಕು, ಫೀಯ ಭಾರ ನಿಮ್ಮ ಮೇಲೂ ಬೀಳುತ್ತದೆ. 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ಆ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಕಾರಣಗಳೂ ಕಡಿಮೆ. ಹಾನಿ ನೂರು ಚೀಲದ್ದಾದರೆ ಈ ದಾರಿ ಬೇಡವೇ ಬೇಡ.

ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಗೊಡವೆಯಿಲ್ಲ, 50 ಲಕ್ಷ ರೂ.ವರೆಗೆ ಕೊಡಿಸಬಲ್ಲರು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಕಂಪನಿ ತಿರಸ್ಕರಿಸಿದರೆ ವರ್ಷದೊಳಗೆ ಅರ್ಜಿ. ತೀರ್ಪನ್ನು ಕಂಪನಿ ಪಾಲಿಸಲೇಬೇಕು. ತೊಡಕು ಒಂದಿದೆ: ವ್ಯಾಪಾರದ ಪಾಲಿಸಿಯಾದರೆ ಒಬ್ಬರೇ ಮಾಲೀಕರ ಅಂಗಡಿ, ಸೂಕ್ಷ್ಮ ಉದ್ದಿಮೆಗಷ್ಟೇ ಇಲ್ಲಿ ಅವಕಾಶ. ಪಾಲುದಾರಿಕೆಯ ದೊಡ್ಡ ಅಡತಿಗಲ್ಲ.

ಗ್ರಾಹಕ ಆಯೋಗ ಹಾವೇರಿಯಲ್ಲೇ ಇದೆ. ಗಡುವು 2 ವರ್ಷ. ಅನುಭವಿಸಿದ ಕಿರುಕುಳಕ್ಕೂ ಪರಿಹಾರ ಕೇಳಬಹುದು. ಕಂಪನಿ ಅಪೀಲು ಹೋದರೆ ಮಾತ್ರ ಮುಂದಿನ ಹಂಗಾಮೂ ಕಳೆದೀತು.

ನನ್ನನ್ನು ಕೇಳಿದರೆ ಸಣ್ಣ ಅಂಗಡಿಯವರು ಮೊದಲು ಬೆಂಗಳೂರಿಗೆ ಬರೆಯಲಿ. ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ.