ಸಿಲ್ ಕತ್ತರಿಸುವ ಮುಂಚೆ ಇದನ್ನು ಓದಿ: ನನ್ನ ಸ್ಪಿಟ್‌ಫೈರ್ ಬಾಗಿಲು ಮುಚ್ಚದೇ ಹೋದ ಕತೆ

ಟ್ರಯಂಫ್ ಸ್ಪಿಟ್‌ಫೈರ್ ಅಥವಾ ಅದರ ಹಾಗಿನ ಹಳೇ ಓಪನ್ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಬಿಚ್ಚಿ ಕಟ್ಟುತ್ತಿರುವವರು ಯಾರಾದರೂ ಇದ್ದರೆ, ಸಿಲ್ಲಿಗೆ ಗ್ರೈಂಡರ್ ಹಚ್ಚುವ ಮುಂಚೆ ಹತ್ತು ನಿಮಿಷ ಕೊಡಿ. ಸಿಲ್ ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ತಗಡಿನ ಪೆಟ್ಟಿಗೆ, ಕಾರಿನ ಹೊಸ್ತಿಲು ಅನ್ನಿ. ನಾನು ಅದನ್ನು ಕತ್ತರಿಸಿದ ರೀತಿಯಿಂದ ಎಂಟು ವರ್ಷದ ಕೆಲಸ ಹತ್ತು ವರ್ಷವಾಯಿತು.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಕಾರು 1978ರ ಸ್ಪಿಟ್‌ಫೈರ್ 1500, ಇಂಕಾ ಯೆಲ್ಲೋ ಬಣ್ಣದ್ದು. ಇದು ಹುಟ್ಟಿದ ಕ್ಯಾನ್ಲಿ ಫ್ಯಾಕ್ಟರಿ ನಮ್ಮ ಮನೆಗೆ ಹತ್ತಿರದಲ್ಲೇ ಇತ್ತು. ಅಲ್ಲಿ ಕಾರು ಕಟ್ಟುವುದು 1980ರಲ್ಲೇ ನಿಂತುಹೋಯಿತು. ತವರಿನಿಂದ ಎರಡು ಮೈಲಿ ದೂರದಲ್ಲಿ, ಯಾರದೋ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಕೊಳೆಯುತ್ತಿದ್ದ ಕಾರನ್ನು ನಾನು ಮನೆಗೆ ತಂದೆ. ಹೆಂಡತಿ ಒಂದು ಸುತ್ತು ಹಾಕಿ ನೋಡಿ, "ಇದರಲ್ಲಿ ಕಾರು ಎಲ್ಲಿದೆ?" ಅಂದಳು.

ನನಗೆ ಮಾತ್ರ ಧೈರ್ಯ ಜಾಸ್ತಿ ಇತ್ತು. ಆ ಧೈರ್ಯವೇ ತೊಂದರೆ ಕೊಟ್ಟಿದ್ದು.

ಮೈಸೂರಿನಲ್ಲಿ ನಮ್ಮಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು, ಮೂಲ ಈ ಕವೆಂಟ್ರಿಯದೇ ಟ್ರಯಂಫ್ ಹೆರಾಲ್ಡ್. ಬಾನೆಟ್ ಎತ್ತಿದರೆ ಮಡ್ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ನಾನು ಮುಂದಿನ ಟೈರಿನ ಮೇಲೆ ಕೂತು ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಸ್ಪಿಟ್‌ಫೈರ್ ಅದರ ತಂಗಿ. ಎರಡರ ವಿನ್ಯಾಸವನ್ನೂ ಮಾಡಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದೇ ಬಾನೆಟ್, ಅದೇ ಥರದ ಅಡ್ಡ ಲೀಫ್ ಸ್ಪ್ರಿಂಗ್, ಅದೇ ಥರದ ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು. ಹೆರಾಲ್ಡ್ ಗೊತ್ತಿದ್ದರೆ ಸ್ಪಿಟ್‌ಫೈರ್ ಗೊತ್ತಿದ್ದ ಹಾಗೆಯೇ ಅಂದುಕೊಂಡೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆರಾಲ್ಡ್ 1959ರಲ್ಲಿ ಬಂದಾಗ ಬೇರೆ ಕಂಪನಿಗಳು ಪ್ರತ್ಯೇಕ ಚಾಸಿ ಬಿಟ್ಟುಬಿಡುತ್ತಿದ್ದವು. ಟ್ರಯಂಫ್ ಮಾತ್ರ ಅದನ್ನೇ ಇಟ್ಟುಕೊಂಡಿತು. ನಡುವೆ ಬೆನ್ನುಮೂಳೆಯ ಹಾಗೆ ಕಬ್ಬಿಣದ ಚೌಕಟ್ಟು, ಅದರಿಂದ ಎರಡೂ ಪಕ್ಕಕ್ಕೆ ಪಕ್ಕೆಲುಬು, ಪಕ್ಕೆಲುಬಿನ ತುದಿಯಲ್ಲಿ ಉದ್ದಕ್ಕೂ ಇನ್ನೊಂದು ಪಟ್ಟಿ. ಭಾರವೆಲ್ಲ ಅದರ ಮೇಲೆ. ಹೆರಾಲ್ಡಿನ ಸಿಲ್ ಬರೀ ಮುಚ್ಚಳ. ತುಕ್ಕು ಹಿಡಿದರೆ ಬೋಲ್ಟ್ ಬಿಚ್ಚಿ ಹೊಸದು ಹಾಕಿದರಾಯಿತು. ಅಪ್ಪ ಹಾಗೆ ಮಾಡಿದ್ದನ್ನು ನಾನೇ ನೋಡಿದ್ದೆ.

1962ರಲ್ಲಿ ಸ್ಪಿಟ್‌ಫೈರ್ ಮಾಡುವಾಗ ಅದೇ ಚಾಸಿಯನ್ನು ಗಿಡ್ಡ ಮಾಡಿ, ಪಕ್ಕದ ಪಟ್ಟಿ ತೆಗೆದುಬಿಟ್ಟರು. ಆ ಪಟ್ಟಿ ಹೊರುತ್ತಿದ್ದ ಭಾರ ಈಗ ಯಾರು ಹೊರಬೇಕು? ಸಿಲ್. ಅದಕ್ಕೇ ಇದರ ಸಿಲ್ ಒಳಗೊಂದು, ನಡುವೆ ಗಟ್ಟಿ ತಗಡು ಒಂದು, ಹೊರಗೊಂದು ಅಂತ ಮೂರು ಪದರದ್ದು, ಬಾಡಿಗೇ ವೆಲ್ಡ್ ಆದದ್ದು. ಮೇಲೆ ಛಾವಣಿಯೂ ಇಲ್ಲ, ಬಟ್ಟೆಯ ಟಾಪು ಅಷ್ಟೇ. ಹಾಗಾಗಿ ಕಾರಿನ ಮುಂಭಾಗಕ್ಕೂ ಹಿಂಭಾಗಕ್ಕೂ ಬಾಡಿಯಲ್ಲಿರುವ ನಂಟು ನೆಲದ ತೆಳು ತಗಡು ಮತ್ತು ಈ ಎರಡು ಹೊಸ್ತಿಲು. ನಾನು ನಂಟನ್ನೇ ಕತ್ತರಿಸಿದೆ.

ಐದನೇ ವರ್ಷ. ಚಾಸಿಗೆ ಹೊಸ ಬಣ್ಣ ಹೊಡೆಯಲು ನಾಲ್ಕು ಜನ ಗೆಳೆಯರು ಸೇರಿ ಬಾಡಿ ಎತ್ತಿ ಮರದ ಎರಡು ಕುದುರೆಗಳ, ಅಂದರೆ ಕಾಲಿರುವ ಸ್ಟ್ಯಾಂಡುಗಳ, ಮೇಲೆ ಇಟ್ಟಿದ್ದರು. ಒಂದು ಮುಂದೆ, ಒಂದು ಹಿಂದೆ, ನಡುವೆ ಖಾಲಿ. ಹೇಗೂ ಮೇಲೆದ್ದಿದೆ, ಸಿಲ್ ಕೆಲಸವನ್ನೂ ಮುಗಿಸಿಬಿಡೋಣ ಅಂತ ಮನೆಗೇ ಬಂದು ವೆಲ್ಡಿಂಗ್ ಮಾಡುವ ಒಬ್ಬನನ್ನು ಕರೆಸಿದೆ. ಹೆಸರು ಬೇಡ. ಬಾಗಿಲಿನ ಜಾಗಕ್ಕೆ ಅಡ್ಡ ಪೈಪು ಕೊಡಬೇಕಾ ಅಂತ ಕೇಳಿದ್ದೆ, ಸುಳ್ಳು ಹೇಳಲ್ಲ. "ಬೇಕಾಗಲ್ಲ, ಇಂಥವು ಎಷ್ಟೋ ಮಾಡಿದ್ದೇನೆ" ಅಂದ. ಒಂದೇ ಬೆಳಗ್ಗೆ ಎರಡೂ ಕಡೆಯ ಸಿಲ್ ಕತ್ತರಿಸಿ ಹಾಕಿದ. ಸಂಜೆ ಹೊತ್ತಿಗೆ ಹೊಸವು ಕೂತಿದ್ದವು. ವೆಲ್ಡಿಂಗ್ ಗೆರೆ ಚೆನ್ನಾಗಿತ್ತು. ನಾನು ಫೋಟೋ ತೆಗೆದು ಅಪ್ಪನಿಗೂ ಕಳಿಸಿದೆ.

ಆ ದಿನವೇ ಬಾಗಿಲು ತಂದು ನೇತುಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬಾಗಿಲು ಅಟ್ಟದ ಮೇಲಿತ್ತು. ಇಳಿಸುವುದಕ್ಕೆ ಸೋಮಾರಿತನ.

ಬಾಡಿ, ಬಾಗಿಲು, ಬಾನೆಟ್ ಎಲ್ಲವನ್ನೂ ಬಿಡಿಬಿಡಿಯಾಗಿಯೇ ಪೇಂಟ್ ಅಂಗಡಿಗೆ ಕೊಟ್ಟೆ. ಎಲ್ಲಾ ಜೋಡಿಸಿ ನೋಡಿದ್ದೀರಾ ಅಂತ ಆತ ಕೇಳಿದಾಗ ಹೂಂ ಅಂದುಬಿಟ್ಟೆ. ಆ ಒಂದು ಹೂಂ ಬೆಲೆ 2,800 ಪೌಂಡ್. ಎರಡನೇ ಸಲ ಬಣ್ಣ ಹೊಡೆಸಲು ಕೊಟ್ಟ ದುಡ್ಡು ಅದು.

ನಡುವೆ ಎರಡು ವರ್ಷ ಇಂಜಿನ್, ಗೇರ್‌ಬಾಕ್ಸ್, ವೈರಿಂಗ್, ಸೀಟು. ಅದೆಲ್ಲ ಸುಸೂತ್ರ. ಎಂಟನೇ ವರ್ಷ ಯುಗಾದಿಗೆ ಕಾರು ರಸ್ತೆಗೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಹಬ್ಬಕ್ಕೆ ಮೂರು ವಾರ ಇರುವಾಗ ಬಲಗಡೆ ಬಾಗಿಲಿನ ಕೀಲುಗಳಿಗೆ ಬೋಲ್ಟ್ ಹಾಕಿ, ಮೆಲ್ಲಗೆ ತಳ್ಳಿದೆ. ಟಕ್ ಅಂತ ಲೋಹಕ್ಕೆ ಲೋಹ ತಾಗಿ ನಿಂತಿತು. ಮೇಲ್ತುದಿಯಲ್ಲಿ ಹಿಂದಿನ ಕಂಬಕ್ಕೂ ಬಾಗಿಲಿಗೂ ನಡುವೆ ಕಾಗದವೂ ಹೋಗುತ್ತಿರಲಿಲ್ಲ. ಕೆಳಗೆ ನನ್ನ ಕಿರುಬೆರಳು ಆರಾಮಾಗಿ ಹೋಗುತ್ತಿತ್ತು. ಕೀಲಿನ ಕೆಳಗೆ ತಗಡಿನ ಚೂರು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಹೊಸ ಹಳದಿ ಬಣ್ಣ ಉಗುರಿನಷ್ಟಗಲ ಎದ್ದು ಬಂತು. ಎಡಗಡೆಯೂ ಅದೇ ಕತೆ.

ಕುದುರೆಗಳ ನಡುವೆ ಆಧಾರ ಇರಲಿಲ್ಲವಲ್ಲ, ಸಿಲ್ ಹೋದ ತಕ್ಷಣ ಬಾಡಿ ನಡುವಿನಲ್ಲಿ ಜೋತಿದೆ. ನಡು ಜೋತರೆ ಬಾಗಿಲಿನ ಎರಡು ಕಂಬಗಳ ತಲೆ ಒಂದರ ಕಡೆ ಒಂದು ವಾಲುತ್ತವೆ. ಆ ಸ್ಥಿತಿಯಲ್ಲೇ ಹೊಸ ಸಿಲ್ ವೆಲ್ಡ್ ಆಗಿ, ಸೊಟ್ಟಗಿದ್ದದ್ದು ಹಾಗೇ ಗಟ್ಟಿಯಾಯಿತು. ವೆಲ್ಡಿಂಗ್‌ನವನಿಗೆ ಫೋನ್ ಮಾಡಿದೆ. ಒಂದು ಸಲ ಎತ್ತಿ, ಅಷ್ಟು ಹಳೇ ಕೆಲಸ ಈಗ ಯಾಕೆ ಅಂದ. ಆಮೇಲೆ ಎತ್ತಲೇ ಇಲ್ಲ. ಅವನ ಮೇಲೆ ಸಿಟ್ಟಿದೆ, ಆದರೆ ಬಾಗಿಲು ಅಟ್ಟದಿಂದ ಇಳಿಸದೇ ಇದ್ದವನು ಅವನಲ್ಲ.

ಸರಿಮಾಡಿದ್ದು ಹೀಗೆ. ಒಳಗಿನದೆಲ್ಲ ಮತ್ತೆ ಬಿಚ್ಚಿ, ಬಾಡಿಯನ್ನು ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದೆ. ಚಾಸಿ ತನ್ನ ಚಕ್ರಗಳ ಮೇಲೆ, ಸಮತಟ್ಟು ನೆಲದಲ್ಲಿ. ಒಂದು ಕಡೆಯ ಸಿಲ್ ಮಾತ್ರ ಕತ್ತರಿಸಿ, ಕೀಲಿನ ಕಂಬಕ್ಕೂ ಲಾಕಿನ ಕಂಬಕ್ಕೂ ನಡುವೆ ತಿರುಪು ಇರುವ ಪೈಪು ಇಟ್ಟು, ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ ಕಂಬಗಳನ್ನು ದೂರ ತಳ್ಳಿದೆ. ಪ್ರತಿ ಸಲವೂ ಬಾಗಿಲು ಹಾಕಿ ನೋಡುವುದು. ಸಂದು ಮೇಲೆ ಕೆಳಗೆ ಒಂದೇ ಸಮ ಬಂದ ಮೇಲೆ ಪೈಪನ್ನು ಬಿಗಿ ಮಾಡಿ, ಹೊಸ ಸಿಲ್ಲಿಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡ್. ಮತ್ತೆ ಬಾಗಿಲು. ಪೂರ್ತಿ ವೆಲ್ಡ್ ಮಾಡಿದ್ದು ಕೊನೆಗೆ. ಆ ಕಡೆ ಮುಗಿದ ಮೇಲೆ ಮಾತ್ರ ಈ ಕಡೆಗೆ ಕೈ ಹಾಕಿದೆ. ಬಣ್ಣಕ್ಕೆ ಕಳಿಸುವ ಮುಂಚೆ ಬಾಗಿಲು, ಬಾನೆಟ್, ಡಿಕ್ಕಿ, ಮುಂದಿನ ಗಾಜಿನ ಚೌಕಟ್ಟು ಎಲ್ಲಾ ಹಾಕಿ ಒಂದು ವಾರ ಹಾಗೇ ನಿಲ್ಲಿಸಿದ್ದೆ.

ಕೊನೆಗೆ ಇನ್ನೊಂದು. ಇಲ್ಲಿ 40 ವರ್ಷ ದಾಟಿದ ಕಾರಿಗೆ, ದೊಡ್ಡ ಬದಲಾವಣೆ ಮಾಡಿರದಿದ್ದರೆ, ವರ್ಷಕ್ಕೊಮ್ಮೆ ಮಾಡಿಸುವ ಎಂಓಟಿ ತಪಾಸಣೆ 2018ರ ಮೇ ತಿಂಗಳಿಂದ ಕಡ್ಡಾಯವಲ್ಲ. ಮುಂಚಿನ ನಾನಾಗಿದ್ದರೆ ಒಳ್ಳೇದೇ ಆಯ್ತು ಅನ್ನುತ್ತಿದ್ದೆ. ಈ ಸಲ 54.85 ಪೌಂಡ್ ಕೊಟ್ಟು ಮಾಡಿಸಿದೆ. ತಪಾಸಣೆಯವನು ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟಾರ್ಚ್ ಹಾಕಿ, ನನ್ನನ್ನು ಕರೆದ. ಹೆರಾಲ್ಡಿನ ಹಾಗೆ ಇದರ ಚಕ್ರವೂ ಬೇರೆ ಕಾರುಗಳಿಗಿಂತ ತುಂಬಾ ಹೆಚ್ಚು ತಿರುಗುತ್ತದೆ, ಸುಮಾರು 24 ಅಡಿ ಜಾಗದಲ್ಲಿ ಗಿರಕಿ ಹೊಡೆಯುವ ಕಾರು. ಹಾಗೆ ತಿರುಗಿದಾಗ ನಾನು ಹಾಕಿದ್ದ ಬ್ರೇಕಿನ ರಬ್ಬರ್ ಪೈಪು ಟೈರಿಗೆ ಒತ್ತಿಕೊಳ್ಳುತ್ತಿತ್ತು. ಆಗಲೇ ಒಂದು ಹೊಳೆಯುವ ಗೆರೆ ಬಿದ್ದಿತ್ತು. ಮನೆಯಿಂದ ಅಲ್ಲಿಗೆ ಮೂರು ಮೈಲಿ ಓಡಿಸಿದ್ದೆ ಅಷ್ಟೇ.

ತಿರುಪಿನ ಪೈಪುಗಳು ಎರಡೂ ಇನ್ನೂ ನನ್ನ ಗ್ಯಾರೇಜಿನಲ್ಲೇ ಇವೆ. ಕವೆಂಟ್ರಿ ಸುತ್ತಮುತ್ತ ಯಾರಾದರೂ ಸ್ಪಿಟ್‌ಫೈರ್ ಬಿಚ್ಚಿ ಕೂತಿದ್ದರೆ ಬಂದು ತೆಗೆದುಕೊಂಡು ಹೋಗಿ. ಕೆಲಸ ಮುಗಿದ ಮೇಲೆ ವಾಪಸ್ ತಂದುಕೊಟ್ಟರೆ ಸಾಕು.