ಹಳೆಯ ವಿದ್ಯಾರ್ಥಿಗಳ ಸಂಘವೋ, ವೃತ್ತಿಪರ ಸಂಸ್ಥೆಯೋ?

ಕಂಪ್ಯೂಟರ್ ವಿಜ್ಞಾನದ ಪದವಿ ಮುಗಿಸಿ ಮೊದಲ ಕೆಲಸ ಹುಡುಕುತ್ತಿದ್ದೀರಾದರೆ, ಹಿಂಜರಿಯದೆ ನಿಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘ ಸೇರಿ. ಅಲ್ಲಿನ ಹಿರಿಯರು ನಿಮ್ಮ ಪಠ್ಯಕ್ರಮದ ಬಲವನ್ನೂ ಕೊರತೆಯನ್ನೂ ಬಲ್ಲರು. ತಮ್ಮ ಕಂಪನಿಯಲ್ಲಿ ನಿಮ್ಮ ಹೆಸರು ಸೂಚಿಸಬಲ್ಲರು. ಅಪರಿಚಿತರಿಂದ ಈ ನೆರವು ಸುಲಭವಾಗಿ ಸಿಗದು.

ಆದರೆ ನಾಲ್ಕೈದು ವರ್ಷ ಒಂದೇ ಬಗೆಯ ಕೋಡ್ ಬರೆದು, ಕಲಿತದ್ದು ಹಳತಾಗುತ್ತಿದೆ ಎನ್ನಿಸಿದಾಗ ಸ್ನೇಹಕೂಟಗಳು ಸಾಲವು. ಆಗ ಕಂಪ್ಯೂಟರ್ ಕ್ಷೇತ್ರದವರ ಅಂತರರಾಷ್ಟ್ರೀಯ ಸಂಘವಾದ ಎಸಿಎಂನಂತಹ (ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ) ವೃತ್ತಿಪರ ಸಂಸ್ಥೆಯೇ ಮೇಲು. 1947ರಲ್ಲಿ ಸ್ಥಾಪನೆಯಾದ ಇದರಲ್ಲಿ ವಿಷಯಕ್ಕೊಂದು ವಿಶೇಷ ಗುಂಪಿದೆ: ಪ್ರೋಗ್ರಾಮಿಂಗ್ ಭಾಷೆಗಳಿಗೆ ಸಿಗ್‌ಪ್ಲಾನ್, ಗ್ರಾಫಿಕ್ಸ್‌ಗೆ ಸಿಗ್‌ಗ್ರಾಫ್, ಡೇಟಾಬೇಸ್‌ಗೆ ಸಿಗ್‌ಮಾಡ್. ಇವುಗಳ ಸಮ್ಮೇಳನಗಳಲ್ಲಿ ಮಂಡನೆಯಾದ ವಿಚಾರಗಳು ಪಠ್ಯಪುಸ್ತಕ ತಲುಪಲು ವರ್ಷಗಳೇ ಹಿಡಿಯುತ್ತವೆ. ಅವನ್ನು ಹೊಸತಿರುವಾಗಲೇ ಓದುವ ಸುಖವೇ ಬೇರೆ!

ಸದಸ್ಯತ್ವಕ್ಕೆ ವಾರ್ಷಿಕ ಶುಲ್ಕವಿದೆ, ನಿಜ. ಅವಸರ ಬೇಡ. 1951ರಿಂದ 2000ದವರೆಗಿನ ತನ್ನ ಪ್ರಕಟಣೆಗಳನ್ನು ಎಸಿಎಂ 2022ರಲ್ಲೇ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನಿಮ್ಮ ಆಸಕ್ತಿಯ ವಿಷಯದಲ್ಲಿ ಕೆಲವು ಪ್ರಬಂಧಗಳನ್ನು ಓದಿ. ಮುಂದಿನದನ್ನೂ ಓದಬೇಕೆನ್ನಿಸಿದರೆ ಆ ಗುಂಪಿಗೆ ಸೇರಿಕೊಳ್ಳಿ. ಇಲ್ಲದಿದ್ದರೆ ಸದ್ಯಕ್ಕೆ ಹಳೆಯ ಗೆಳೆಯರ ಸಂಘವೇ ಇರಲಿ.